ನಾಯಿಮರಿಗೆ ಬೇಕಿರುವುದು ಯಾವ ಮನೆ?

ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ ಹೆಚ್ಚಿನವರು ಗಮನಿಸದೇ ಬಿಟ್ಟ ಒಂದು ಅಂಶವಿದೆ. ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಅದೇ ತಿಂಗಳ 11ರಂದು ಹೇಳಿತ್ತು. ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು, ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ಅದರೊಂದಿಗೇ, ಇಚ್ಛೆಯುಳ್ಳ ಪ್ರಾಣಿಪ್ರಿಯರು ಬೀದಿನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದೂ ಸೇರಿಸಿತು. ನವೆಂಬರ್ 7ರ ಮತ್ತೊಂದು ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ಹಾಗೂ ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಬೇಕು, ಅವುಗಳನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದು ಹೇಳಲಾಯಿತು. ಇಂತಹ ಆವರಣಗಳ ಮೂಲೆಗಳಲ್ಲಿ, ಮೆಟ್ಟಿಲುಗಳ ಕೆಳಗೆ ಹುಟ್ಟುವ ಮರಿಗಳಿಗೆ ಉಳಿದಿರುವ ದಾರಿ ಎರಡೇ: ಆಶ್ರಯತಾಣ, ಇಲ್ಲವೇ ಯಾರದಾದರೂ ಮನೆ.

ದತ್ತು ಪಡೆಯಿರಿ ಎಂಬ ಮಾತು ಕಿವಿಗೆ ಹಿತವಾಗಿದೆ. ಆದರೆ ‘ಮತ್ತೆ ಬೀದಿಗೆ ಬಾರದಂತೆ’ ಎಂಬ ಷರತ್ತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ಆ ಷರತ್ತು ಈಡೇರುವುದು ಅರ್ಜಿದಾರನ ಸಹಿಯಿಂದಲ್ಲ. ಆ ಮರಿಗೆ ಆ ಮನೆ ಹೊಂದುತ್ತದೆಯೇ ಎಂಬುದರಿಂದ. ಈ ಪ್ರಶ್ನೆಯನ್ನು ನಮ್ಮ ನಗರಗಳಲ್ಲಿ ಕೆಲವು ಸ್ವಯಂಸೇವಕರನ್ನು ಬಿಟ್ಟರೆ ಯಾರೂ ಗಂಭೀರವಾಗಿ ಕೇಳುತ್ತಿಲ್ಲ.

ಮೊದಲಿಗೆ ಲೆಕ್ಕ. ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ನಗರದಲ್ಲಿದ್ದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ, 2019ರಲ್ಲಿ ಅದು ಸುಮಾರು 3.10 ಲಕ್ಷವಿತ್ತು. ಈ ಇಳಿಕೆಗೆ ಕಾರಣವೆಂದು ಯಾವುದನ್ನಾದರೂ ಹೇಳುವುದಾದರೆ ಅದು ಸಂತಾನಹರಣ ಕಾರ್ಯಕ್ರಮವೇ ಹೊರತು ದತ್ತು ಅಲ್ಲ. ನಗರದ ಎಲ್ಲ ಸಂಸ್ಥೆಗಳೂ ಸೇರಿ ಹಗಲಿರುಳು ಶ್ರಮಿಸಿದರೂ ಇಷ್ಟು ನಾಯಿಗಳಿಗೆ ಮನೆ ಹುಡುಕಲಾಗದು. ಜಗತ್ತಿನ ರೇಬಿಸ್ ಸಾವುಗಳಲ್ಲಿ ಶೇಕಡ 36ರಷ್ಟು ಭಾರತದಲ್ಲೇ ಸಂಭವಿಸುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾವುಗಳನ್ನು ತಡೆಯುವುದೂ ಲಸಿಕೆಯೇ. ಅಂದಮೇಲೆ ದತ್ತು ಎಂಬುದು ಜನಸಂಖ್ಯಾ ನಿಯಂತ್ರಣದ ಸಾಧನವಲ್ಲ. ಅದರಿಂದ ಒಟ್ಟು ಸಂಖ್ಯೆ ಕದಲುವುದಿಲ್ಲ, ಒಂದು ಮರಿಯ ಬದುಕು ಮಾತ್ರ ಬದಲಾಗುತ್ತದೆ. ಹೀಗಿರುವಾಗ ‘ಈ ಭಾನುವಾರದ ಶಿಬಿರದಲ್ಲಿ ಇಷ್ಟು ಮರಿಗಳು ದತ್ತು ಹೋದವು’ ಎಂದು ಎಣಿಸಿ ಬೀಗುವುದರಲ್ಲಿ ಅರ್ಥವೇನಿದೆ?

ಎಣಿಕೆಯ ಈ ಮೋಹ ಸರ್ಕಾರಿ ಸೇವೆಯಲ್ಲಿದ್ದವರಿಗೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದಡಿ ಬಡ ಕುಟುಂಬಗಳಿಗೆ ಸಾಲ ಮತ್ತು ಸಹಾಯಧನದ ಮೂಲಕ ಹಸು, ಎಮ್ಮೆಗಳನ್ನು ವಿತರಿಸಲಾಗುತ್ತಿತ್ತು. ತಾಲ್ಲೂಕಿಗೆ ಇಂತಿಷ್ಟು ಎಂದು ಗುರಿ. ಮಾರ್ಚ್ 31ರೊಳಗೆ ಸಾಧನೆ. ಹಸು ಪಡೆದವನ ಮನೆಯಲ್ಲಿ ಮೇವಿದೆಯೇ, ನೀರಿದೆಯೇ, ಊರಿನ ಹತ್ತಿರ ಹಾಲಿನ ಡೇರಿ ಇದೆಯೇ ಎಂಬ ಪ್ರಶ್ನೆಗಳಿಗೆ ಪ್ರಗತಿ ವರದಿಯಲ್ಲಿ ಕಾಲಂ ಇರಲಿಲ್ಲ. ಅರ್ಥಶಾಸ್ತ್ರಜ್ಞ ನೀಲಕಂಠ ರಥ್ ಅವರು 1985ರಲ್ಲಿ ಈ ಕಾರ್ಯಕ್ರಮವನ್ನು ಕಟುವಾಗಿ ವಿಮರ್ಶಿಸಿ ಬರೆದ ಲೇಖನ ಅಂದಿನ ಕಿರಿಯ ಅಧಿಕಾರಿಗಳಾದ ನಮ್ಮ ನಡುವೆ ಕೈಯಿಂದ ಕೈಗೆ ಹರಿದಾಡಿತ್ತು. ವಿತರಣೆಯಾದ ದಿನವೇ ಕಡತ ಮುಚ್ಚುವ ಪದ್ಧತಿಗೆ ಹಸುವಾದರೇನು, ನಾಯಿಮರಿಯಾದರೇನು? ಒಂದು ವರ್ಷದ ನಂತರ ಅದು ಎಲ್ಲಿದೆ ಎಂದು ಕೇಳುವ ಅಧಿಕಾರಿ ಅಂದೂ ಅಪರೂಪ.

ನಾಯಿಮರಿಯ ವಿಷಯದಲ್ಲಿ ಆ ಒಂದು ವರ್ಷ ನಿರ್ಣಾಯಕವಾದುದು. ಜೀವಶಾಸ್ತ್ರದ ಗಡಿಯಾರ ಇಲ್ಲಿ ಯಾರ ಅನುಕೂಲಕ್ಕೂ ಕಾಯುವುದಿಲ್ಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಸುದೀರ್ಘ ಅಧ್ಯಯನ ತೋರಿಸಿಕೊಟ್ಟಂತೆ, ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು, ಏನನ್ನು ಕಾಣುತ್ತದೆಯೋ ಅದನ್ನು ತನ್ನ ಲೋಕದ ಭಾಗವೆಂದು ಸ್ವೀಕರಿಸುತ್ತದೆ. ಆ ಅವಧಿಯಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿ ಮುಂದೆ ಅಂಜುಬುರುಕವಾಗುತ್ತದೆ, ಅಂಜಿದ ನಾಯಿಯೇ ಕಚ್ಚುತ್ತದೆ. ಆದರೆ ಇದೇ ಅವಧಿಯಲ್ಲಿ ಮರಿಗೆ ಪಾರ್ವೊ, ಡಿಸ್ಟೆಂಪರ್‌ನಂತಹ ಮಾರಕ ರೋಗಗಳ ಭಯವೂ ಇದೆ. ಆರೆಂಟು ವಾರಕ್ಕೆ ಆರಂಭವಾಗುವ ಲಸಿಕೆಗಳ ಸರಣಿ ಮುಗಿಯುವುದು ಸುಮಾರು ಹದಿನಾರನೆಯ ವಾರಕ್ಕೆ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ನೂರಾರು ನಾಯಿಗಳು ಬಂದುಹೋಗುವ ಆಶ್ರಯತಾಣದ ಪಂಜರ ಇಂತಹ ಮರಿಗೆ ಎರಡೂ ಕಾರಣಗಳಿಂದ ಅಪಾಯಕಾರಿ. ಅಲ್ಲಿ ಸೋಂಕು ಹೆಚ್ಚು, ಸಂಸರ್ಗ ಕಡಿಮೆ. ಹೀಗಾಗಿಯೇ ‘ಬೇಗ ಬೇಗ ಯಾರಿಗಾದರೂ ಕೊಟ್ಟುಬಿಡಿ’ ಎಂಬ ಒತ್ತಡ ಹುಟ್ಟುತ್ತದೆ. ಒತ್ತಡ ಅರ್ಥವಾಗುವಂತಹುದೇ. ಅದರಿಂದ ಆಗುವ ತಪ್ಪು ಬೆಳಕಿಗೆ ಬರುವುದು ಮರಿಗೆ ಏಳೆಂಟು ತಿಂಗಳಾದಾಗ.

ಎರಡು ತಿಂಗಳ ಮರಿಯನ್ನು ಬೇಡವೆನ್ನುವವರು ವಿರಳ. ಅಂಗೈಯಲ್ಲಿ ಮಲಗುವ ಆ ಜೀವವನ್ನು ಮಕ್ಕಳ ಹಟಕ್ಕೆ ಮಣಿದು ಮನೆಗೆ ತರುತ್ತಾರೆ. ಎಂಟನೆಯ ತಿಂಗಳಿನಲ್ಲಿ ಅದೇ ಮರಿ ಹದಿನೈದು ಕಿಲೋ ತೂಗುತ್ತದೆ, ಸೋಫಾದ ಅಂಚು ಕಡಿಯುತ್ತದೆ, ಕರೆದರೆ ಬರುವುದಿಲ್ಲ. 2020ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಐದು ತಿಂಗಳಲ್ಲಿ ಪೋಷಕರ ಮಾತು ಕೇಳುತ್ತಿದ್ದ ಮರಿಗಳು ಎಂಟನೆಯ ತಿಂಗಳಲ್ಲಿ ಅವರ ಆಜ್ಞೆಯನ್ನು ಕಡೆಗಣಿಸುವುದೂ ಅಪರಿಚಿತರ ಆಜ್ಞೆಯನ್ನು ಪಾಲಿಸುವುದೂ ಕಂಡುಬಂತು. (ಹದಿಹರೆಯದ ಮಕ್ಕಳಿರುವ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಇದು ತಾತ್ಕಾಲಿಕ ಘಟ್ಟ, ಕೆಲವು ತಿಂಗಳಲ್ಲಿ ಕಳೆಯುತ್ತದೆ ಎಂದು ದತ್ತು ಕೊಡುವಾಗಲೇ ಹೇಳಿದ್ದರೆ ಎಷ್ಟೋ ಮನೆಗಳು ತಾಳಿಕೊಳ್ಳುತ್ತಿದ್ದವು. ಹೇಳುವವರಿಲ್ಲ. ‘ಇದಕ್ಕೆ ಬುದ್ಧಿ ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದ ಮನೆಯವರು ಒಂದು ರಾತ್ರಿ ಕಾರಿನಲ್ಲಿ ಕೂರಿಸಿಕೊಂಡು ಹೊರಟರೆ, ವರ್ತುಲ ರಸ್ತೆಯ ಆಚೆ ಬಾಗಿಲು ತೆರೆಯುತ್ತದೆ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯ ವಿದ್ಯೆ ಗೊತ್ತಿರುವುದಿಲ್ಲ. ಅಲ್ಲಿನ ನಾಯಿಗಳು ಅದನ್ನು ತಮ್ಮ ಗಡಿಯೊಳಗೆ ಸೇರಿಸುವುದಿಲ್ಲ, ವಾಹನಗಳ ವೇಗ ಅದಕ್ಕೆ ತಿಳಿಯದು. ‘ನಾಯಿಪಾಡು’ ಎಂಬ ಪದದ ಪೂರ್ಣಾರ್ಥ ಅದಕ್ಕೆ ಆಗ ತಿಳಿಯುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಎರಡು ಪರಿಚಿತ ಸಂಗತಿಗಳು ಕಾಣುತ್ತವೆ. ಮೊದಲನೆಯದು, ಇದು ಬೆಲೆಯಿಲ್ಲದ ಮಾರುಕಟ್ಟೆ. ಬೆಲೆ ಇರುವೆಡೆ ಯಾರಿಗೆ ಎಷ್ಟು ಬೇಕು ಎಂಬುದನ್ನು ಬೆಲೆಯೇ ಹೇಳುತ್ತದೆ. ಇಲ್ಲದೆಡೆ ಜೋಡಿಸುವ ಕೆಲಸವನ್ನು ಯಾರಾದರೂ ಕುಳಿತು ಮಾಡಬೇಕು. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಕಾಲೇಜು ಪ್ರವೇಶ ಮತ್ತು ಮದುವೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಬಿಡಿಸಿದ್ದು ಇದೇ ಬಗೆಯ ಜೋಡಣೆಯ ಸಮಸ್ಯೆಯನ್ನು. ಶಾಪ್ಲಿ ಅವರಿಗೂ, ಆ ತತ್ತ್ವವನ್ನು ವ್ಯವಹಾರಕ್ಕೆ ಇಳಿಸಿದ ಆಲ್ವಿನ್ ರಾತ್ ಅವರಿಗೂ 2012ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಸೂತ್ರದಲ್ಲಿ ಎರಡೂ ಕಡೆಯವರು ತಮ್ಮ ಆಯ್ಕೆಯ ಪಟ್ಟಿಯನ್ನು ಕೊಡುತ್ತಾರೆ. ನಾಯಿಮರಿಗೆ ಪಟ್ಟಿ ಬರೆಯಲು ಬಾರದು. ಅದರ ಪರವಾಗಿ ಮಾತನಾಡಬಲ್ಲವರು, ಅದರೊಂದಿಗೆ ಕೆಲವು ವಾರ ಬದುಕಿದವರು ಮಾತ್ರ. ಎರಡನೆಯದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಹಿಡಿದು ವಿವರಿಸಿದ ಮಾಹಿತಿಯ ಅಸಮಾನತೆ. ಮರಿಯನ್ನು ಕೊಡುವವನಿಗೆ ಮನೆ ಗೊತ್ತಿಲ್ಲ, ಒಯ್ಯುವವನಿಗೆ ಮರಿ ಗೊತ್ತಿಲ್ಲ. ಶಿಬಿರದ ಗದ್ದಲದಲ್ಲಿ ಹತ್ತು ನಿಮಿಷ ನೋಡಿ ಹದಿಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಲಾಗುತ್ತದೆ. ನಾವು ಮದುವೆಯ ಸಂಬಂಧ ಕುದುರಿಸುವಾಗಲೂ ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ, ಜಾತಕವನ್ನಾದರೂ ನೋಡುತ್ತೇವೆ.

ಈ ಎರಡೂ ಕೊರತೆಗಳನ್ನು ತುಂಬಬಲ್ಲ ಏರ್ಪಾಡು ಒಂದಿದೆ. ಪ್ರಾಣಿರಕ್ಷಕರು ಅದನ್ನು ‘ಫಾಸ್ಟರ್ ಮನೆ’ ಎನ್ನುತ್ತಾರೆ. ರಕ್ಷಿಸಿದ ಮರಿಯನ್ನು ಆಶ್ರಯತಾಣದಲ್ಲಿ ಇಡುವ ಬದಲು, ಶಾಶ್ವತ ನೆಲೆ ಸಿಗುವವರೆಗೆ ಒಂದು ಕುಟುಂಬ ನಾಲ್ಕೈದು ವಾರ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಈ ಅವಧಿಯಲ್ಲಿ ಮರಿಗೆ ಮನುಷ್ಯರ ಸಹವಾಸ ಸಿಗುತ್ತದೆ, ಲಸಿಕೆಗಳು ನಡೆಯುತ್ತವೆ, ಅವಸರ ತಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮಾಹಿತಿ ದೊರೆಯುತ್ತದೆ. ಮಿಕ್ಸಿ, ಪ್ರೆಷರ್ ಕುಕ್ಕರಿನ ಸದ್ದಿಗೆ ಮಂಚದಡಿ ಸೇರುವ ಮರಿಯೇ, ಅಥವಾ ಅಡುಗೆಮನೆಯ ಹೊಸ್ತಿಲಲ್ಲೇ ನಿದ್ರಿಸುವ ಮರಿಯೇ? ಮಕ್ಕಳು ಓಡಿದರೆ ಬೆನ್ನಟ್ಟುತ್ತದೆಯೇ? ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು? ಇವು ಯಾವ ಪಂಜರದ ಮುಂದೆ ನಿಂತರೂ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ‘ಕ್ಯೂಪಾ’ದಂತಹ ಸಂಸ್ಥೆಗಳೂ ಅನೇಕ ಬಿಡಿ ಕಾರ್ಯಕರ್ತರೂ ದತ್ತು ನೀಡಿಕೆಯ ಹೊರೆಯನ್ನು ಹೊತ್ತಿದ್ದಾರೆ. ಆದರೆ ತಾತ್ಕಾಲಿಕವಾಗಿ ಮರಿಯನ್ನು ಇಟ್ಟುಕೊಳ್ಳುವ ಮನೆಗಳು ಸದಾ ಕಡಿಮೆ. ಕೆಲವು ವಾರ ಸಾಕಿ ಆಮೇಲೆ ಬಿಟ್ಟುಕೊಡುವುದು ಕಷ್ಟವೆಂದು ಜನ ಹಿಂಜರಿಯುತ್ತಾರೆ. ನಿವೃತ್ತರಾಗಿ, ಹದಿಮೂರು ವರ್ಷದ ಹೊಣೆ ಹೊರಲು ವಯಸ್ಸು ಮೀರಿತೆಂದು ಭಾವಿಸುವ ನನ್ನಂಥವರಿಗೆ ಇದಕ್ಕಿಂತ ತಕ್ಕ ಸೇವೆ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ.

ಇನ್ನು ಸರಿಯಾದ ಮನೆ ಎಂದರೇನು ಎಂಬುದಕ್ಕೆ ಬರೋಣ. ಇಲ್ಲಿ ನಮ್ಮ ಮಧ್ಯಮವರ್ಗದ ಪೂರ್ವಗ್ರಹಗಳು ಎದುರಾಗುತ್ತವೆ.

ನಮ್ಮ ಬಡಾವಣೆಯ ರಾಜಕಾಲುವೆಯಿಂದ ಯುವಕರು ಮೇಲೆತ್ತಿದ ಒಂದು ಹೆಣ್ಣುಮರಿಯ ಸುತ್ತಾಟವನ್ನು ನಾನು ಹತ್ತಿರದಿಂದ ಕಂಡೆ. ಮೊದಲು ಅದು ಸೇರಿದ್ದು ಗಂಡ ಹೆಂಡತಿ ಇಬ್ಬರೂ ತಂತ್ರಜ್ಞಾನ ಕಂಪನಿಯಲ್ಲಿ ದುಡಿಯುವ, ಅರ್ಜಿಯ ಪ್ರತಿ ಅಂಕಣದಲ್ಲೂ ಪೂರ್ಣಾಂಕ ಪಡೆಯಬಹುದಾದ ಮನೆಯನ್ನು. ಸ್ವಂತ ಫ್ಲಾಟು, ಉತ್ತಮ ವರಮಾನ, ನಿಜವಾದ ಪ್ರೀತಿ. ಆದರೆ ದಿನಕ್ಕೆ ಹತ್ತು ಗಂಟೆ ಮರಿ ಬಾಲ್ಕನಿಯಲ್ಲಿ ಒಂಟಿ. ಅದರ ಕೂಗಿಗೆ ನೆರೆಯವರ ದೂರು, ಆರನೆಯ ವಾರದಲ್ಲಿ ವಾಪಸು. ಎರಡನೆಯದು ಹಿರಿಯ ದಂಪತಿಯ ಮನೆ. ಅವರಿಗೆ ಹೊತ್ತು ಬೇಕಾದಷ್ಟಿತ್ತು, ಎಳೆಯುವ ಮರಿಯನ್ನು ಹಿಡಿದು ನಡೆಯಲು ಮೊಣಕಾಲು ಸಹಕರಿಸಲಿಲ್ಲ. ವಯಸ್ಸಾದ, ಶಾಂತ ಸ್ವಭಾವದ ನಾಯಿಯೊಂದು ಆ ಮನೆಗೆ ಹೇಳಿ ಮಾಡಿಸಿದಂತಿರುತ್ತಿತ್ತು. ಕೊನೆಗೆ ಮರಿಯನ್ನು ಕೇಳಿದ್ದು ನಮ್ಮ ಬೀದಿಯ ದರ್ಜಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮಾಲೀಕರ ಒಪ್ಪಿಗೆ ಪಡೆದೇ ಬಂದಿದ್ದರು. ಇಂತಹ ಅರ್ಜಿಗಳನ್ನು ಸಾಮಾನ್ಯವಾಗಿ ಬದಿಗಿಡಲಾಗುತ್ತದೆ ಎಂದು ಕಾರ್ಯಕರ್ತೆಯೇ ಒಪ್ಪಿಕೊಂಡರು. “ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರ ತನಕ ಯಾರಾದ್ರೂ ಒಬ್ರು ಇದ್ದೇ ಇರ್ತೀವಿ ಮೇಡಂ, ಇನ್ನೇನು ಬೇಕು ಅದಕ್ಕೆ?” ಎಂದು ದರ್ಜಿ ಕೇಳಿದ ಪ್ರಶ್ನೆಗೆ ನಮೂನೆಯಲ್ಲಿ ಅಂಕಣವಿರಲಿಲ್ಲ. ಈಗ ಮರಿ ಹೊಲಿಗೆ ಯಂತ್ರದ ಕೆಳಗೆ ಮಲಗುತ್ತದೆ.

ಈ ಒಂದು ಪ್ರಕರಣದಿಂದ ನಿಯಮ ಹೊರಡಿಸಲಾಗದು. ಬಡವರ ಮನೆಯೆಲ್ಲ ಒಳ್ಳೆಯದು, ಉದ್ಯೋಗಸ್ಥರ ಮನೆಯೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಲ್ಲಿಗಾದರೂ ವರ್ಗವಾಗಬಹುದಾದ ಕೆಲಸ, ಪಶುವೈದ್ಯರ ಖರ್ಚು ಭರಿಸಲಾಗದ ಸ್ಥಿತಿ, ಬಾಡಿಗೆ ಮನೆ ಬದಲಾಗುವ ಸಂಭವ, ಇವೆಲ್ಲ ನಿಜವಾದ ಅಡಚಣೆಗಳೇ. ಆದರೆ ದತ್ತು ನಮೂನೆಗಳು ಬಹುಪಾಲು ಇಂಗ್ಲಿಷ್‌ನಲ್ಲಿವೆ, ಮೊಬೈಲ್‌ನಲ್ಲಿ ತುಂಬಬೇಕಾದವು, ವರಮಾನ ಮತ್ತು ಸ್ವಂತ ಮನೆಯನ್ನು ಕೇಳುವವು. ಹಗಲು ಮನೆಯಲ್ಲಿ ಯಾರಿರುತ್ತಾರೆ, ಮನೆಯವರೆಲ್ಲರೂ ಒಪ್ಪಿದ್ದಾರೆಯೇ ಎಂಬ ಪ್ರಶ್ನೆಗಳು ಮೊದಲ ಸಾಲಿನಲ್ಲಿರಬೇಕು. ಒಪ್ಪದ ಅಜ್ಜಿಯ ಮಡಿ, ನಾಯಿಗೆ ಹೆದರುವ ಮನೆಗೆಲಸದಾಕೆ, ಬರುವ ವರ್ಷ ಪಿಯುಸಿ ಪರೀಕ್ಷೆಗೆ ಕೂರುವ ಮಗಳು: ದತ್ತು ಮುರಿದು ಬೀಳುವುದು ಇಂತಹ ಕಾರಣಗಳಿಂದಲೇ ಹೊರತು ಪ್ರೀತಿಯ ಅಭಾವದಿಂದಲ್ಲ.

ಸಸ್ಯಾಹಾರದ ಪ್ರಶ್ನೆಯನ್ನೂ ಇಲ್ಲಿ ಎತ್ತಲೇಬೇಕು, ಏಕೆಂದರೆ ನಮ್ಮ ನಗರದಲ್ಲಿ ಇದು ಪದೇ ಪದೇ ಬರುತ್ತದೆ. ಸಸ್ಯಾಹಾರಿ ಕುಟುಂಬಕ್ಕೆ ನಾಯಿ ಕೊಡಲೇಬಾರದು ಎಂದು ಹಟ ಹಿಡಿಯುವ ರಕ್ಷಕರಿದ್ದಾರೆ. ಮೊಸರನ್ನದಲ್ಲೇ ಸಾಕುತ್ತೇವೆ ಎಂದು ಎದೆಯುಬ್ಬಿಸುವ ಮನೆಗಳೂ ಇವೆ. ನಾಯಿ ತೋಳದಂತೆ ಕೇವಲ ಮಾಂಸ ನಂಬಿ ಬದುಕುವ ಪ್ರಾಣಿಯಲ್ಲ. ಮನುಷ್ಯನ ಸಹವಾಸದಲ್ಲಿ ಅದಕ್ಕೆ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ಶಕ್ತಿ ವೃದ್ಧಿಸಿರುವುದನ್ನು ಸ್ವೀಡನ್ನಿನ ವಿಜ್ಞಾನಿಗಳ ನೇತೃತ್ವದ ತಂಡ 2013ರಲ್ಲಿ ವಂಶವಾಹಿಗಳ ಮಟ್ಟದಲ್ಲಿ ತೋರಿಸಿತು. ಆದರೂ ಬೆಳೆಯುವ ಮರಿಗೆ ಅನ್ನ, ಮೊಸರು ಮಾತ್ರ ಸಾಲದು. ಪ್ರೋಟೀನು, ಸುಣ್ಣದ ಅಂಶ ತಕ್ಕ ಪ್ರಮಾಣದಲ್ಲಿ ಬೇಕು. ಮೊಟ್ಟೆಯನ್ನೋ ಸಿದ್ಧ ಆಹಾರವನ್ನೋ ಬೇರೆ ಪಾತ್ರೆಯಲ್ಲಿ ಕೊಡಲು ಒಪ್ಪುವ ಸಸ್ಯಾಹಾರಿ ಮನೆಗಳು ಎಷ್ಟೋ ಇವೆ. ಪಶುವೈದ್ಯರ ಸಲಹೆಯಂತೆ ನಡೆಯುವಿರಾ ಎಂದು ಕೇಳಿದರೆ ಸಾಕು, ಜಾತಿ ವಿಚಾರಣೆಯ ಛಾಯೆಯುಳ್ಳ ಪ್ರಶ್ನೆಗಳು ಬೇಡ.

ಹಾಗೆಯೇ ‘ನಮ್ಮ ತೋಟಕ್ಕೆ ಕಳಿಸಿಬಿಡಿ, ಹಾಯಾಗಿರುತ್ತದೆ’ ಎಂಬ ಮಾತನ್ನು ನಂಬುವ ಮುನ್ನ ಯೋಚಿಸಬೇಕು. ಮಾಲೀಕರು ವಾರಾಂತ್ಯಕ್ಕೆ ಮಾತ್ರ ಬರುವ ತೋಟದಲ್ಲಿ ಮರಿಯ ಪಾಲಿಗೆ ಉಳಿಯುವುದು ಕಾವಲಿನ ಸರಪಳಿ. ನಗರದ ಸುತ್ತಲಿನ ಗುಡ್ಡಗಾಡಿನಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ ಎಂಬುದು ರಾಮನಗರ, ತುಮಕೂರು ಕಡೆಯ ರೈತರಿಗೆಲ್ಲ ತಿಳಿದ ಸಂಗತಿ. ನಾಯಿಯನ್ನು ಸದಾ ಕಟ್ಟಿಹಾಕಿ ಅಡ್ಡಾಡಿಸದೆ ಇರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ ಎಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ.

ಹೆಣ್ಣುಮರಿಗಳ ಕಥೆ ಬೇರೆಯೇ. ಪ್ರತಿ ಸೂಲಿನಲ್ಲೂ ಗಂಡುಮರಿಗಳು ಮೊದಲು ಹೋಗುತ್ತವೆ. ಮರಿ ಹಾಕುತ್ತದೆ ಎಂಬ ಭಯವೇ ಇದಕ್ಕೆ ಕಾರಣ. ಸುಮಾರು ಆರು ತಿಂಗಳಿಗೆ ಮಾಡಬಹುದಾದ ಒಂದು ಶಸ್ತ್ರಚಿಕಿತ್ಸೆಯಿಂದ ನಿವಾರಣೆಯಾಗುವ ಭಯವಿದು. ದತ್ತು ಕೊಡುವಾಗಲೇ ಅದರ ದಿನಾಂಕ ಮತ್ತು ಖರ್ಚು ಯಾರದೆಂದು ತೀರ್ಮಾನವಾಗಿದ್ದರೆ ಪಟ್ಟಿಯ ಕೊನೆಯಲ್ಲಿ ಉಳಿಯುವ ಮರಿಗಳಿಗೂ ಮನೆ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಜೋಡಣೆಗಳು ವಿಫಲವಾಗುತ್ತವೆ. ಮರಿಯನ್ನು ಹಿಂದಿರುಗಿಸಲು ಬಂದವರನ್ನು ನಮ್ಮ ಪ್ರಾಣಿಪ್ರಿಯರು ನಡೆಸಿಕೊಳ್ಳುವ ರೀತಿ ನನಗೆ ಸರಿಕಂಡಿಲ್ಲ. ಅವರ ಹೆಸರು, ಭಾವಚಿತ್ರಗಳನ್ನು ಊರಿಗೆಲ್ಲ ಹಂಚಿ ಛೀಮಾರಿ ಹಾಕುವುದುಂಟು. ಪರಿಣಾಮವೇನು? ಮುಂದಿನ ಕುಟುಂಬ ಹಿಂದಿರುಗಿಸಲು ಬರುವುದೇ ಇಲ್ಲ. ಕತ್ತಲಲ್ಲಿ ಬಿಟ್ಟುಬರುವುದಕ್ಕೆ ಕಾನೂನಿನ ಭಯವೂ ಇಲ್ಲ. ಹಸಿವು, ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು ಅದೇ 11ನೇ ಕಲಮಿನಡಿ ಅಪರಾಧವಾದರೂ ಮೊದಲ ಬಾರಿಯ ತಪ್ಪಿಗೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ಅದನ್ನು ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ದಂಡ ಏರಲಿ. ಆದರೆ ನಡುರಾತ್ರಿಯ ಹೆದ್ದಾರಿಯಲ್ಲಿ ಸಾಕ್ಷಿ ಎಲ್ಲಿಂದ ಬರಬೇಕು? ತ್ಯಜಿಸುವುದನ್ನು ಕಷ್ಟವಾಗಿಸುವುದಕ್ಕಿಂತ ಹಿಂದಿರುಗಿಸುವುದನ್ನು ಸುಲಭವಾಗಿಸುವುದು ಹೆಚ್ಚು ಫಲ ನೀಡುತ್ತದೆ. ‘ಯಾವ ದಿನವಾದರೂ, ಯಾವ ಕಾರಣಕ್ಕಾದರೂ ನಮ್ಮಲ್ಲಿಗೇ ತನ್ನಿ, ಕಾರಣವನ್ನು ಮಾತ್ರ ನಿಜ ಹೇಳಿ’ ಎಂಬ ವಾಕ್ಯ ಪ್ರತಿ ದತ್ತು ಪತ್ರದಲ್ಲೂ ಇರಬೇಕು. ಹಾಗೆ ಹೇಳಿದ ಕಾರಣ ಮುಂದಿನ ಮನೆಯನ್ನು ಹುಡುಕುವವರಿಗೆ ಅಮೂಲ್ಯ ಮಾಹಿತಿ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಬೆನ್ನು ಹತ್ತಿದ ನಾಯಿ ಎಲ್ಲರಿಗೂ ನೆನಪಿದೆ. ಆದಿಪರ್ವದ ಆರಂಭದಲ್ಲೇ ಬರುವ ಇನ್ನೊಂದು ನಾಯಿಯನ್ನು ಮರೆತಿದ್ದೇವೆ. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು ರಾಜನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಹವಿಸ್ಸನ್ನು ಮುಟ್ಟಿರಲಿಲ್ಲ, ಕಣ್ಣೆತ್ತಿ ನೋಡಿರಲೂ ಇಲ್ಲ. ತನ್ನ ಮಗ ಮಾಡಿದ ತಪ್ಪೇನೆಂದು ತಾಯಿ ಬಂದು ಕೇಳಿದಾಗ ರಾಜಸಭೆಯಲ್ಲಿ ಉತ್ತರ ಹೊರಡಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬೀದಿಗೆ ತಳ್ಳಿಸಿಕೊಳ್ಳುವ ಮರಿಯ ಪರವಾಗಿ ಹಾಗೆ ಕೇಳುವ ತಾಯಿಯೂ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಡಳಿತ ಐದು ನಗರ ಪಾಲಿಕೆಗಳಾಗಿ ವಿಂಗಡಣೆಯಾಯಿತು. ದತ್ತು ಅರ್ಜಿಗಳನ್ನು ಸ್ವೀಕರಿಸುವ ಹೊಣೆ ಸುಪ್ರೀಂ ಕೋರ್ಟಿನ ಆದೇಶದಂತೆ ಸ್ಥಳೀಯ ಸಂಸ್ಥೆಗಳ ಮೇಲಿದೆ. ಹೊಸ ಪಾಲಿಕೆಗಳ ಪಶುಪಾಲನಾ ವಿಭಾಗಗಳು ಇದಕ್ಕಾಗಿ ಹೊಸ ಕಟ್ಟಡ, ಹೊಸ ಹುದ್ದೆಗಳ ಪ್ರಸ್ತಾವ ಕಳಿಸಬೇಕಾಗಿಲ್ಲ. ಕನ್ನಡದಲ್ಲಿ ಒಂದು ಪುಟದ ನಮೂನೆ, ವಾರ್ಡಿಗೆ ಹತ್ತು ತಾತ್ಕಾಲಿಕ ಪೋಷಕ ಮನೆಗಳ ಪಟ್ಟಿ, ಎರಡು ವಾರದ ಪ್ರಾಯೋಗಿಕ ಅವಧಿ, ಎಂಟನೆಯ ತಿಂಗಳಲ್ಲಿ ಒಂದು ದೂರವಾಣಿ ಕರೆ. ತಿಂಗಳ ಪ್ರಗತಿ ವರದಿಯಲ್ಲಿ ‘ದತ್ತು ನೀಡಿದ ಮರಿಗಳು’ ಎಂಬ ಅಂಕಣದ ಪಕ್ಕದಲ್ಲಿ ‘ಹನ್ನೆರಡು ತಿಂಗಳ ನಂತರ ಅದೇ ಮನೆಯಲ್ಲಿರುವವು’ ಎಂಬ ಇನ್ನೊಂದು ಅಂಕಣ ಸೇರಿಸಲು ಆಯುಕ್ತರ ಒಂದು ಸುತ್ತೋಲೆ ಸಾಕು.